ನಾಲ್ಕು ತಲೆಮಾರಿನ ಎಚ್ಚರ

ದಾವಣಗೆರೆಯಲ್ಲಿ ಸೂಡೋಮೊನಾಸ್ ಎಂಬ ಹೆಸರು ಎರಡು ಕಡೆ ಕಿವಿಗೆ ಬೀಳುತ್ತದೆ. ಒಂದು, ರೈತ ಸಂಪರ್ಕ ಕೇಂದ್ರ ಮತ್ತು ಗೊಬ್ಬರದಂಗಡಿ. ಅಲ್ಲಿ ಅದು ಬಿಳಿ ಪುಡಿಯ ಪೊಟ್ಟಣ. ಭತ್ತದ ಬೀಜೋಪಚಾರಕ್ಕೆ ಕೆ.ಜಿ.ಗೆ 10 ಗ್ರಾಂ ಲೆಕ್ಕದಲ್ಲಿ ಬಳಸುತ್ತಾರೆ, ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯ ಜೊತೆ ಬೆರೆಸಿ ತೋಟದ ಗಿಡಗಳ ಬುಡಕ್ಕೂ ಹಾಕುತ್ತಾರೆ. ಇನ್ನೊಂದು, ಆಸ್ಪತ್ರೆ. ಸುಟ್ಟಗಾಯದ ಪಟ್ಟಿ ಬಿಚ್ಚಿದಾಗ ಹತ್ತಿಗೆ ಅಂಟಿದ ಕೀವು ನೀಲಿಗಲಸಿದ ಹಸಿರಾಗಿದ್ದು, ಹುಳಿತ ದ್ರಾಕ್ಷಿಯ ಸಿಹಿ ವಾಸನೆ ಮೂಗಿಗೆ ಬಡಿದರೆ, ಪಳಗಿದ ನರ್ಸ್‌ಗಳು ಲ್ಯಾಬ್ ವರದಿ ಬರುವ ಮೊದಲೇ ಹೆಸರು ಹೇಳಬಲ್ಲರು. ಪೊಟ್ಟಣದಲ್ಲಿರುವುದು ಸೂಡೋಮೊನಾಸ್ ಫ್ಲೋರೆಸೆನ್ಸ್, ಗಾಯದಲ್ಲಿರುವುದು ಸೂಡೋಮೊನಾಸ್ ಏರುಗಿನೋಸ. ಕುಲ ಒಂದೇ; ಒಂದನ್ನು ದುಡ್ಡು ಕೊಟ್ಟು ತರುತ್ತೇವೆ, ಇನ್ನೊಂದನ್ನು ಓಡಿಸಲು ದುಡ್ಡು ಸುರಿಯುತ್ತೇವೆ.

ಇವೆರಡನ್ನೂ ಬೇರೆ ಮಾಡಿ ಗುರುತಿಸುವ ಕಷ್ಟ ಮನುಷ್ಯನಿಗಿಂತ ಬಹಳ ಮೊದಲೇ ಒಂದು ಹುಳುವಿಗೆ ಎದುರಾಗಿತ್ತು. ಸಿ. ಎಲೆಗನ್ಸ್ ಎಂಬ ಆ ದುಂಡುಹುಳು ಒಂದು ಮಿಲಿಮೀಟರ್ ಉದ್ದ, ಮೈಯೆಲ್ಲ ಪಾರದರ್ಶಕ. ಕೊಳೆತ ಹಣ್ಣು, ತಿಪ್ಪೆ, ತರಗೆಲೆಗಳ ನಡುವೆ ಅದರ ವಾಸ. ಬ್ಯಾಕ್ಟೀರಿಯಾಗಳೇ ಅದರ ಆಹಾರ. ಕಣ್ಣಿಲ್ಲ, ಕಿವಿಯಿಲ್ಲ, ಇರುವುದು 302 ನರಕೋಶ. ಸುತ್ತಲಿನ ಬ್ಯಾಕ್ಟೀರಿಯಾಗಳಲ್ಲಿ ಯಾವುದು ಊಟ, ಯಾವುದು ಸಾವು ಎಂಬುದನ್ನು ಅಷ್ಟರಲ್ಲೇ ತೀರ್ಮಾನಿಸಬೇಕು. ತಪ್ಪಿದರೆ ಎರಡು ಮೂರು ದಿನದಲ್ಲಿ ಕಥೆ ಮುಗಿಯಿತು.

ಈ ಹುಳುವನ್ನು ಸಂಶೋಧನೆಯ ಮಾದರಿಯಾಗಿ ಆರಿಸಿಕೊಂಡವರು ಸಿಡ್ನಿ ಬ್ರೆನರ್, 1963ರಲ್ಲಿ. ಆಮೇಲೆ ಇದರ ಬೆನ್ನಿಗೆ ಬಿದ್ದವರಿಗೆ ನೊಬೆಲ್‌ಗಳ ಸಾಲೇ ಬಂತು: 2002ರಲ್ಲಿ ಬ್ರೆನರ್ ಮತ್ತು ಸಂಗಡಿಗರಿಗೆ, 2006ರಲ್ಲಿ ಆರ್‌ಎನ್‌ಎ ಮೂಲಕ ವಂಶವಾಹಿಗಳ ಬಾಯಿ ಮುಚ್ಚಿಸುವ ಬಗೆಯನ್ನು ಕಂಡ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊಗೆ, 2024ರಲ್ಲಿ ಮೈಕ್ರೋ ಆರ್‌ಎನ್‌ಎ ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್‌ಗೆ. ತಿಪ್ಪೆಯ ಹುಳುವಿನ ಮಟ್ಟಿಗೆ ಇದು ದೊಡ್ಡ ಸಾಧನೆಯೇ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೊಲೀನ್ ಮರ್ಫಿ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಒಂದು ತಟ್ಟೆಯ ಎರಡು ಕಡೆ ಒಂದೊಂದು ಹನಿ ಬ್ಯಾಕ್ಟೀರಿಯಾ ಇಡಲಾಯಿತು. ಒಂದು ಕಡೆ ಹುಳುವಿನ ದಿನನಿತ್ಯದ ಆಹಾರವಾದ ನಿರುಪದ್ರವಿ ಇ. ಕೊಲಿ, ಇನ್ನೊಂದು ಕಡೆ ಪಿಎ14 ಎಂಬ ಏರುಗಿನೋಸ ತಳಿ. ಈ ತಳಿ ಮೊದಲು ಸಿಕ್ಕಿದ್ದೇ ಸುಟ್ಟಗಾಯದ ರೋಗಿಯೊಬ್ಬರಿಂದ. ಅನುಭವವಿಲ್ಲದ ಹುಳುಗಳು ಮುಗಿಬಿದ್ದದ್ದು ಪಿಎ14ರ ಕಡೆಗೇ. ಬಹುಶಃ ಅದೇ ರುಚಿ. ಆದರೆ 24 ಗಂಟೆ ಪಿಎ14ರ ಮೇಲೆ ಬಿಟ್ಟು, ಕಾಯಿಲೆಯ ಬಿಸಿ ಮುಟ್ಟಿಸಿ ಮತ್ತೆ ತಟ್ಟೆಗೆ ಬಿಟ್ಟರೆ, ಅವು ಆ ಕಡೆ ಸುಳಿಯಲಿಲ್ಲ.

ಇದಿಷ್ಟೇ ಆಗಿದ್ದರೆ ಪಾಠ ಕಲಿತ ಹುಳು ಎಂದು ಸುಮ್ಮನಾಗಬಹುದಿತ್ತು. ಮುಂದಿನ ಹಂತದಲ್ಲಿ ಕಲಿತ ತಾಯಿಹುಳುಗಳನ್ನು ಬ್ಲೀಚ್ ದ್ರಾವಣಕ್ಕೆ ಹಾಕಲಾಯಿತು. ತಾಯಿಯ ಮೈ ಕರಗಿಹೋಗುತ್ತದೆ, ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ ಸಾಯುತ್ತದೆ, ಗಟ್ಟಿ ಚಿಪ್ಪಿನ ಮೊಟ್ಟೆಗಳು ಮಾತ್ರ ಉಳಿಯುತ್ತವೆ. ಆ ಮೊಟ್ಟೆಯೊಡೆದು ಬಂದ ಮರಿಗಳು ಪಿಎ14ನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ದೂರ ಸರಿದವು. ಅವುಗಳ ಮಕ್ಕಳೂ ಸರಿದವು, ಮೊಮ್ಮಕ್ಕಳೂ ಸರಿದವು. ಮಕ್ಕಳಿಂದ ಲೆಕ್ಕ ಹಿಡಿದು ನಾಲ್ಕನೆಯ ತಲೆಮಾರಿನವರೆಗೂ ಆ ಎಚ್ಚರ ಇಳಿದುಬಂತು. ಐದನೆಯ ತಲೆಮಾರು ಮತ್ತೆ ಹಳೆಯ ಚಾಳಿಗೆ ಬಿದ್ದು ಪಿಎ14ರ ಕಡೆಗೆ ಹರಿಯಿತು.

ಆ ಎಚ್ಚರವನ್ನು ಹೊತ್ತು ತಂದದ್ದೇನು? 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಉತ್ತರ ಯಾರೂ ಎಣಿಸಿದಂತಿರಲಿಲ್ಲ. ಸುಳಿವು ಕೊಟ್ಟದ್ದು ಹುಳುವಲ್ಲ, ಬ್ಯಾಕ್ಟೀರಿಯಾವೇ. ಪಿಎ14 ತನ್ನ ಕೆಲಸಕ್ಕೆಂದು ತಯಾರಿಸಿಕೊಳ್ಳುವ ಪಿ11 ಎಂಬ ಸಣ್ಣ ಆರ್‌ಎನ್‌ಎ ತುಣುಕೊಂದಿದೆ. ಯಾವ ಪ್ರೋಟೀನಿಗೂ ಅದು ಸೂತ್ರವಲ್ಲ. ಹುಳು ಬ್ಯಾಕ್ಟೀರಿಯಾವನ್ನು ನುಂಗಿದಾಗ ಆ ತುಣುಕೂ ಹೊಟ್ಟೆ ಸೇರುತ್ತದೆ. ಅದರ 16 ಅಕ್ಷರಗಳ ಸಾಲು ಹುಳುವಿನದೇ ಮ್ಯಾಕೊ-1 ಎಂಬ ವಂಶವಾಹಿಯ ಒಂದು ಸಾಲಿಗೆ ತಾಳೆಯಾಗುತ್ತದೆ. ಹುಳುವಿನ ದೇಹ ಆ ತಾಳೆಯನ್ನು ಹಿಡಿದು ಮ್ಯಾಕೊ-1ರ ಸದ್ದಡಗಿಸುತ್ತದೆ. ಕರುಳಿನಿಂದ ಸಂತಾನಕೋಶಗಳಿಗೆ, ಅಲ್ಲಿಂದ ನರಕೋಶಗಳಿಗೆ ಸುದ್ದಿ ಹೋಗುತ್ತದೆ. ತಲೆಯ ಭಾಗದಲ್ಲಿರುವ ಎಎಸ್‌ಐ ಎಂಬ ಒಂದು ಜೊತೆ ನರಕೋಶಗಳಲ್ಲಿ ಡಾಫ್-7 ಎಂಬ ವಂಶವಾಹಿ ಚುರುಕಾಗುತ್ತದೆ. ಹುಳು ದಾರಿ ಬದಲಿಸುತ್ತದೆ.

ಇದನ್ನು ಖಚಿತಪಡಿಸಿಕೊಂಡ ಬಗೆಯಂತೂ ಸೊಗಸು. ನಿರುಪದ್ರವಿ ಇ. ಕೊಲಿಗೆ ಪಿ11 ಒಂದನ್ನೇ ಸೇರಿಸಿ ಹುಳುಗಳಿಗೆ ತಿನ್ನಿಸಿದರು. ಕಾಯಿಲೆಯಿಲ್ಲ, ವಿಷವಿಲ್ಲ, ಬರೀ ಆ ತುಣುಕು. ಅಷ್ಟಕ್ಕೇ ಹುಳುಗಳು ಮತ್ತು ಅವುಗಳ ನಾಲ್ಕು ತಲೆಮಾರು ಪಿಎ14ನ್ನು ದೂರವಿಟ್ಟವು.

ಡಿಎನ್‌ಎ ಮಾತ್ರ ಇದ್ದಂತೆಯೇ ಇತ್ತು, ಒಂದು ಅಕ್ಷರವೂ ಬದಲಾಗಿರಲಿಲ್ಲ. ಪಹಣಿಯಲ್ಲಿ ಹೆಸರು ತಿದ್ದಿಲ್ಲ, ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಮಾತು ಗೀಚಿಟ್ಟಿದ್ದಾರೆ, ನಾಲ್ಕು ಸಲ ನಕಲು ತೆಗೆಯುವಷ್ಟರಲ್ಲಿ ಅದು ಮಾಸಿಹೋಗುತ್ತದೆ ಎಂದುಕೊಂಡರೆ ಸಾಕು. ಹೀಗೆ ಆರ್‌ಎನ್‌ಎ ಮೂಲಕ ತಲೆಮಾರು ದಾಟುವ ರಕ್ಷಣೆ ಇದೇ ಮೊದಲೂ ಅಲ್ಲ. ವೈರಸ್ ವಿರುದ್ಧ ಹುಳು ಸಿದ್ಧಪಡಿಸಿಕೊಂಡ ಸಣ್ಣ ಆರ್‌ಎನ್‌ಎಗಳು ಮುಂದಿನ ತಲೆಮಾರುಗಳಿಗೆ ದಾಟುವುದನ್ನು ಒಡೆಡ್ ರೆಖಾವಿ, ಆಲಿವರ್ ಹೋಬರ್ಟ್ ಮೊದಲಾದವರು 2011ರಲ್ಲೇ ತೋರಿಸಿದ್ದರು. ಪ್ರಿನ್ಸ್‌ಟನ್ ಪ್ರಯೋಗದ ಹೊಸತನವಿರುವುದು ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನೇ ಹುಳು ಓದಿಕೊಂಡು ನಡವಳಿಕೆ ಬದಲಿಸಿತು ಎಂಬಲ್ಲಿ.

ಸುದ್ದಿ ಹೊರಬಿದ್ದಾಗ ಜಗತ್ತಿನ ಪತ್ರಿಕೆಗಳು ಹಿಡಿದದ್ದು ನೆನಪಿನ ತುದಿಯನ್ನು. ಮರೆವಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ವಿಷಯದ ತಿರುಳು ಇರುವುದು ಅಲ್ಲೇ.

ಈ ಹುಳುವಿನ ಒಂದು ತಲೆಮಾರು ಮೂರು ನಾಲ್ಕು ದಿನ. ನಾಲ್ಕು ತಲೆಮಾರು ಎಂದರೆ ಎರಡು ವಾರ. ಹರಿಹರದ ಗದ್ದೆಯಲ್ಲಿ ಸಸಿಮಡಿ ಹಾಕಿ, ಸಸಿ ನಾಟಿಗೆ ಬರುವ ಮೊದಲೇ ಹುಳುವಿನ ಈ 'ವಂಶಪಾರಂಪರ್ಯ' ಮುಗಿದಿರುತ್ತದೆ. ಎಚ್ಚರ ಕಾಯಂ ಆಗದೆ ಇರುವುದರಲ್ಲಿ ಹುಳುವಿಗೆ ಲಾಭವೇ ಇದೆ ಎನ್ನುತ್ತಾರೆ ಸಂಶೋಧಕರು. ಸೂಡೋಮೊನಾಸ್ ಕುಲದಲ್ಲಿ ಕೊಲ್ಲುವವೂ ಇವೆ, ಹೊಟ್ಟೆ ತುಂಬಿಸುವವೂ ಇವೆ. ಒಬ್ಬ ಅಜ್ಜಿಗೆ ಒಂದರಿಂದ ಕಾಯಿಲೆ ಬಂತೆಂದು ಇಡೀ ಕುಲವನ್ನು ಎಂದೆಂದಿಗೂ ದೂರವಿಟ್ಟರೆ ಮರಿಗಳು ಉಪವಾಸ ಬೀಳುತ್ತವೆ. ಹುಳು ಇರುವ ಜಾಗ ಬದಲಾಗುತ್ತದೆ, ಹಣ್ಣು ಕೊಳೆಯುತ್ತ ಹೋದಂತೆ ಅದರ ಮೇಲಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಇನ್ನೊಂದು ಸಂಗತಿ: 15 ಡಿಗ್ರಿ ತಂಪಿನಲ್ಲಿ ಬೆಳೆದ ಪಿಎ14 ಅಷ್ಟೇನೂ ಅಪಾಯಕಾರಿಯಲ್ಲ, ಈ ಪಾಠವನ್ನೂ ಕಲಿಸುವುದಿಲ್ಲ. 25 ಡಿಗ್ರಿಯಲ್ಲಿ ಬೆಳೆದದ್ದು ಕಲಿಸುತ್ತದೆ. ಅದೇ ಬ್ಯಾಕ್ಟೀರಿಯಾ, ಹವೆ ಬೇರೆ, ಗುಣ ಬೇರೆ.

ಇಷ್ಟು ಸೂಕ್ಷ್ಮವಾದ, ಇಷ್ಟು ಷರತ್ತುಗಳ ಮೇಲೆ ನಿಂತ ಸಂಗತಿಯನ್ನು ಹಿಡಿದು ಮನುಷ್ಯರ ಮನೆತನ, ರಕ್ತ, ಸಂಸ್ಕಾರಗಳಿಗೆ ವಿಜ್ಞಾನದ ಮುದ್ರೆ ಒತ್ತುವ ಉತ್ಸಾಹ ಎದ್ದಾಗ ಯಾರಾದರೂ ಅಡ್ಡ ನಿಲ್ಲಬೇಕು. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಸೈರನ್ನಿಗೆ ಎದ್ದು ಮಲಗುತ್ತಿದ್ದ ದಾವಣಗೆರೆಗೆ 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಹೆಣ್ಣು ನೋಡುವ ಮಾತುಕತೆಯಲ್ಲಿ ಇಂದಿಗೂ ಅದು ಮೊದಲು ಹೊರಬೀಳುತ್ತದೆ. ಗಾದೆಗೆ ಪುರಾವೆಯಾಗಿ ಈ ಹುಳುವನ್ನು ತಂದು ನಿಲ್ಲಿಸಿದರೆ, ಹುಳು ಹೇಳುವುದು ಬೇರೆಯದನ್ನೇ.

ಮೊದಲನೆಯದಾಗಿ, ಸಿ. ಎಲೆಗನ್ಸ್ ಬಹುಪಾಲು ದ್ವಿಲಿಂಗಿ. ಒಂದೇ ಹುಳು ತಂದೆಯೂ ಹೌದು, ತಾಯಿಯೂ ಹೌದು. ಸುಮಾರು 300 ಮರಿಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚು. ಎರಡನೆಯದಾಗಿ, ಸಣ್ಣ ಆರ್‌ಎನ್‌ಎಗಳನ್ನು ನಕಲು ಮಾಡಿ ಹೆಚ್ಚಿಸಿಕೊಳ್ಳುವ ಕಿಣ್ವವೊಂದು ಹುಳುವಿನಲ್ಲಿದೆ. ಅದಿಲ್ಲದಿದ್ದರೆ ಸುದ್ದಿ ಎರಡನೆಯ ತಲೆಮಾರಿಗೇ ತೆಳ್ಳಗಾಗಿ ಹೋಗುತ್ತದೆ. ಮನುಷ್ಯನಲ್ಲಿ ಆ ಕಿಣ್ವವಿಲ್ಲ. ಮೂರನೆಯದು, ಮನುಷ್ಯರ ವಿಷಯದಲ್ಲಿ ಸದಾ ಉದಾಹರಿಸುವ 1944-45ರ ನೆದರ್‌ಲ್ಯಾಂಡ್ಸ್ ಕ್ಷಾಮ. ಆಗ ಗರ್ಭದಲ್ಲಿದ್ದ ಮಕ್ಕಳ ಆರೋಗ್ಯದ ಮೇಲೆ ಅದರ ನೆರಳು ದಶಕಗಟ್ಟಲೆ ಉಳಿಯಿತು ಎಂಬುದು ನಿಜ. ಆದರೆ ಆ ಮಕ್ಕಳು ತಾಯಿಯ ಹೊಟ್ಟೆಯಲ್ಲಿದ್ದು ಹಸಿವನ್ನು ತಾವೇ ಉಂಡವರು. ಕಾಣದ ಹಸಿವಿನ ನೆನಪನ್ನು ಪಡೆದವರಲ್ಲ. ಹೆಣ್ಣು ಭ್ರೂಣದೊಳಗೆ ಅದರ ಮುಂದಿನ ಪೀಳಿಗೆಯ ಅಂಡಗಳು ಆಗಲೇ ಇರುವುದರಿಂದ ಮೊಮ್ಮಕ್ಕಳನ್ನೂ ಈ ಲೆಕ್ಕದಿಂದ ಬಿಡಬೇಕಾಗುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದೇ ಮರಿಮಕ್ಕಳಿಂದ.

ಗಳಿಸಿದ ಗುಣ ಮಕ್ಕಳಿಗೆ ದಾಟುತ್ತದೆಯೇ ಎಂಬ ಪ್ರಶ್ನೆಯ ಇತಿಹಾಸವೇನೂ ಸೌಮ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಗಸ್ಟ್ ವೈಸ್‌ಮನ್ ಇಲಿಗಳ ಬಾಲವನ್ನು ತಲೆಮಾರುಗಟ್ಟಲೆ ಕತ್ತರಿಸಿ, ಮರಿಗಳು ಬಾಲವಿಟ್ಟುಕೊಂಡೇ ಹುಟ್ಟುವುದನ್ನು ತೋರಿಸಿದ. ಸೋವಿಯತ್ ನಾಡಿನಲ್ಲಿ ಲೈಸೆಂಕೊ ಇದಕ್ಕೆ ತದ್ವಿರುದ್ಧವಾದದ್ದನ್ನು ಸರ್ಕಾರದ ಸಿದ್ಧಾಂತವನ್ನಾಗಿಸಿ, ಒಪ್ಪದ ವಿಜ್ಞಾನಿಗಳನ್ನು ಮೂಲೆಗುಂಪು ಮಾಡಿಸಿ, ಕೃಷಿ ವಿಜ್ಞಾನವನ್ನೇ ಹಳ್ಳ ಹಿಡಿಸಿದ. ಈ ಪ್ರಶ್ನೆಗೆ ತಮಗೆ ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡವರು ಎರಡೂ ಕಡೆ ಇದ್ದರು, ಈಗಲೂ ಇದ್ದಾರೆ.

ಹುಳುವಿನ ವಿಷಯದಲ್ಲೂ ತಕರಾರು ಬಗೆಹರಿದಿಲ್ಲ ಎಂಬುದನ್ನು ಓದುಗರಿಗೆ ಹೇಳದೆ ಬಿಡುವುದು ಮೋಸವಾದೀತು. ಹಾರ್ವರ್ಡ್‌ನ ಕ್ರೇಗ್ ಹಂಟರ್ ತಂಡ ಪ್ರಿನ್ಸ್‌ಟನ್ ಪ್ರಯೋಗವನ್ನು ಮತ್ತೆ ಮಾಡಿ ನೋಡಿತು. ತಾಯಿ ಕಲಿತದ್ದು ಕಂಡಿತು, ಮಕ್ಕಳಲ್ಲೂ ಕಂಡಿತು, ಮೊಮ್ಮಕ್ಕಳಲ್ಲಿ ಕಾಣಲಿಲ್ಲ. ಹಂಟರ್ ಈ ಕ್ಷೇತ್ರಕ್ಕೆ ಹೊರಗಿನವರೂ ಅಲ್ಲ. ಜೀವಕೋಶದಿಂದ ಜೀವಕೋಶಕ್ಕೆ ಆರ್‌ಎನ್‌ಎ ದಾಟಲು ಬೇಕಾದ ಸಿಡ್-1 ಎಂಬ ಪ್ರೋಟೀನನ್ನು 2002ರಲ್ಲಿ ಕಂಡುಹಿಡಿದದ್ದೇ ಅವರ ತಂಡ. ಜಗಳ ಬಂದು ನಿಂತದ್ದು ಹುಳುಗಳನ್ನು ಎಣಿಸುವ ಬಗೆಯ ಮೇಲೆ. ಪ್ರಿನ್ಸ್‌ಟನ್‌ನವರು ಬ್ಯಾಕ್ಟೀರಿಯಾದ ಹನಿಯ ಬಳಿ ಸೋಡಿಯಂ ಅಜೈಡ್ ಇಟ್ಟಿರುತ್ತಾರೆ. ಹನಿ ಮುಟ್ಟಿದ ಹುಳು ಅಲ್ಲೇ ಸ್ತಬ್ಧವಾಗುತ್ತದೆ, ಅದರ ಮೊದಲ ಆಯ್ಕೆ ದಾಖಲಾಗುತ್ತದೆ. ಹಾರ್ವರ್ಡ್‌ನವರು ಅಜೈಡ್ ಬಿಟ್ಟು, ಒಂದು ಗಂಟೆಯ ಬಳಿಕ ತಟ್ಟೆಯನ್ನೇ ತಣ್ಣಗೆ ಮಾಡಿ ಹುಳುಗಳನ್ನು ನಿಲ್ಲಿಸಿದರು. ಆ ಒಂದು ಗಂಟೆಯಲ್ಲಿ ಹುಳು ಪಿಎ14ರ ರುಚಿ ನೋಡಿ, ಅಲ್ಲೇ ಪಾಠ ಕಲಿತು ಜಾಗ ಬದಲಿಸಿರುತ್ತದೆ, ಹಾಗಾಗಿ ಲೆಕ್ಕ ಕಲಸಿಹೋಗುತ್ತದೆ ಎಂಬುದು ಮರ್ಫಿಯವರ ಉತ್ತರ. 2025ರಲ್ಲಿ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ಆಂಡ್ರೆಸ್ ವಿಡಾಲ್-ಗಡೆಯಾ ತಂಡ ಪ್ರಿನ್ಸ್‌ಟನ್ ವಿಧಾನವನ್ನೇ ಅನುಸರಿಸಿ, ಮೊಮ್ಮಕ್ಕಳಲ್ಲೂ ಎಚ್ಚರ ಉಳಿದಿದೆ ಎಂದು ವರದಿ ಮಾಡಿತು.

ಹಾಗಾದರೆ ನಂಬುವುದು ಯಾರನ್ನು? ಇಬ್ಬರನ್ನೂ, ಅವರವರ ತಟ್ಟೆಯ ಮಟ್ಟಿಗೆ. ತಟ್ಟೆಯಲ್ಲಿ ಅಷ್ಟು ನಾಜೂಕಾದ ಸಂಗತಿ ಮಣ್ಣಿನಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದೇ ಈಗಿನ ಪ್ರಶ್ನೆ. ಪ್ರಿನ್ಸ್‌ಟನ್‌ನವರೂ ಅದೇ ದಿಕ್ಕಿಗೆ ಹೊರಳಿದ್ದಾರೆ. ಕಾಡುಹುಳುಗಳ ಪರಿಸರದಲ್ಲಿ ಸಿಕ್ಕ ಸೂಡೋಮೊನಾಸ್ ವ್ರಾನೊವೆನ್ಸಿಸ್ ಎಂಬ ಬ್ಯಾಕ್ಟೀರಿಯಾದಲ್ಲೂ ಇಂಥದೇ ಒಂದು ಸಣ್ಣ ಆರ್‌ಎನ್‌ಎ ಇದೆ, ಅದು ಕೂಡ ಮ್ಯಾಕೊ-1ನ್ನೇ ಗುರಿಯಾಗಿಸಿಕೊಳ್ಳುತ್ತದೆ ಎಂದು ಅವರು 2024ರಲ್ಲಿ ಪ್ರಕಟಿಸಿದರು. ಆಮೇಲಿನ ಸರದಿ ಫ್ಲೋರೆಸೆನ್ಸ್‌ನ ಒಂದು ತಳಿಯದು. ಅದರ ಸಣ್ಣ ಆರ್‌ಎನ್‌ಎ ಕೂಡ ತಲೆಮಾರು ದಾಟುವ ಎಚ್ಚರವನ್ನು ಕಲಿಸುತ್ತದೆ, ಆದರೆ ಬೇರೊಂದು ವಂಶವಾಹಿಯ ಮೂಲಕ. ಗೊಬ್ಬರದಂಗಡಿಯ ಪೊಟ್ಟಣದಲ್ಲಿರುವುದು ಇದೇ ಪ್ರಭೇದ, ತಳಿ ಬೇರೆ.

ಕರ್ನಾಟಕದಲ್ಲಿ ಈ ಹುಳು ಮತ್ತು ಈ ಬ್ಯಾಕ್ಟೀರಿಯಾದ ಮುಖಾಮುಖಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಾ ಸಿಂಗ್ ಅವರ ತಂಡ 2021ರಲ್ಲಿ ತೋರಿಸಿದ ಪ್ರಕಾರ, ಏರುಗಿನೋಸ ಬಿಡುವ ಅನ್‌ಡೆಸೀನ್ ಎಂಬ ವಾಸನೆಯೊಂದೇ ಸಾಕು, ಹುಳು ಓಡಲು ಶುರುಮಾಡುತ್ತದೆ. ಓಡುವುದಷ್ಟೇ ಅಲ್ಲ, ಬ್ಯಾಕ್ಟೀರಿಯಾ ಮೈಗೆ ತಾಗುವ ಮೊದಲೇ ರೋಗನಿರೋಧಕ ವ್ಯವಸ್ಥೆಯನ್ನೂ ಎಬ್ಬಿಸಿ ನಿಲ್ಲಿಸುತ್ತದೆ. ವಾಸನೆಯಿಂದ ಕಲಿಯುವುದು ಒಂದು ದಾರಿ, ನುಂಗಿದ ಆರ್‌ಎನ್‌ಎಯಿಂದ ಕಲಿಯುವುದು ಇನ್ನೊಂದು. ಮಕ್ಕಳು ಮೊಮ್ಮಕ್ಕಳಿಗೆ ದಾಟುವುದು ಎರಡನೆಯದು.

ಇನ್ನು ಮಣ್ಣಿಗೆ ಇಳಿಯೋಣ. ದಾವಣಗೆರೆ, ಹರಿಹರ ಸೀಮೆಯ ಭತ್ತದ ಗದ್ದೆಗಳು ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದವು. ನೀರು 'ಆನ್ ಅಂಡ್ ಆಫ್' ಲೆಕ್ಕದಲ್ಲಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರುಗಂಟು ಹುಳು ಎಂಬ ಇನ್ನೊಂದು ದುಂಡುಹುಳುವಿನ ಆಟ ಹೆಚ್ಚು ನಡೆಯುವುದಿಲ್ಲ. ಒಣ ಸಸಿಮಡಿ, ನೀರು ಬಂದು ಹೋಗುವ ಗದ್ದೆ ಅದಕ್ಕೆ ಹೇಳಿಮಾಡಿಸಿದ ಜಾಗ. ಹಳದಿಗೆ ತಿರುಗಿದ ಸಸಿಯನ್ನು ಕಿತ್ತು, ಬೇರು ತೊಳೆದು ನೋಡಿದರೆ ತುದಿಗಳು ಕೊಕ್ಕೆಯಾಗಿ ಬಾಗಿ ಊದಿಕೊಂಡಿರುತ್ತವೆ. ಟೊಮೆಟೊ, ಬದನೆಯ ಬೇರಿನಲ್ಲಾದರೆ ಗಂಟುಗಳು ಸಾಲುಸಾಲು. ಫ್ಲೋರೆಸೆನ್ಸ್ ಪುಡಿ ಹಾಕಿ ಎಂದು ಶಿಫಾರಸು ಮಾಡುವುದು ಇಂಥ ಹುಳುಗಳ ವಿರುದ್ಧವೂ ಹೌದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದಕ್ಕೆಂದೇ ಜೈವಿಕ ಪುಡಿಗಳನ್ನು ರೂಪಿಸಿದೆ.

ಹಾಗೆಂದು ಬೇರುಗಂಟು ಹುಳುವೂ ಅಜ್ಜಿಯಿಂದ ಪಾಠ ಕಲಿತು ಔಷಧಿಗೆ ಬಗ್ಗದೆ ಹೋಗುತ್ತದೆ ಎಂದು ಯಾರೂ ಗಾಬರಿ ಹುಟ್ಟಿಸಬಾರದು. ಅದು ಬ್ಯಾಕ್ಟೀರಿಯಾ ತಿನ್ನುವ ಹುಳುವಲ್ಲ, ಸೂಜಿಯಂಥ ಬಾಯಿಯಿಂದ ಬೇರಿನ ರಸ ಹೀರುವಂಥದ್ದು. ಪಿ11 ಹೋದ ದಾರಿ ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಅದೇ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ನಿರಪಾಯ ದುಂಡುಹುಳುಗಳೂ ಲೆಕ್ಕವಿಲ್ಲದಷ್ಟಿವೆ. ಸಾರಜನಕವನ್ನು ಬಿಡಿಸಿ ಗಿಡಕ್ಕೆ ಸಿಗುವಂತೆ ಮಾಡುವ ಕೆಲಸದಲ್ಲಿ ಅವುಗಳ ಪಾಲಿದೆ. ಎಕರೆಗಟ್ಟಲೆ ಸೂಡೋಮೊನಾಸ್ ಸುರಿದಾಗ ಅವು ಅದನ್ನು ಊಟ ಎಂದುಕೊಳ್ಳುತ್ತವೆಯೇ, ಅಪಾಯ ಎಂದುಕೊಂಡು ತಲೆಮಾರುಗಟ್ಟಲೆ ದೂರ ಸರಿಯುತ್ತವೆಯೇ? ಕೇಳಬೇಕಾದ ಪ್ರಶ್ನೆ ಇದು. ಹರಿಹರದ ಹೊಳೆದಂಡೆಯ ಮಣ್ಣು ಎಷ್ಟು ಕೆಟ್ಟಿದೆ ಎಂಬ ಪ್ರಶ್ನೆಯನ್ನೂ ದುಂಡುಹುಳುಗಳಿಗೇ ಕೇಳಬಹುದು. ಮಣ್ಣಿನ ದುಂಡುಹುಳುಗಳಲ್ಲಿ ಯಾವ ಬಗೆಯವು ಎಷ್ಟಿವೆ ಎಂದು ಎಣಿಸಿ ಆ ಜಾಗ ಎಷ್ಟು ಕೆಟ್ಟಿದೆ ಎಂದು ಹೇಳುವ ಅಳತೆಯನ್ನು ಟಾಮ್ ಬೊಂಗರ್ಸ್ 1990ರಲ್ಲೇ ರೂಪಿಸಿದ. ಕಾರ್ಖಾನೆ ನೀರಿನ ವಿರುದ್ಧ 1980ರ ದಶಕದಿಂದ ಕೂಗು ಕೇಳಿದ ತುಂಗಭದ್ರೆಯ ದಡದಲ್ಲಿ ಆ ಅಳತೆಗೋಲು ಇಳಿಸಲು ಒಂದು ಸೂಕ್ಷ್ಮದರ್ಶಕ, ಒಂದಿಷ್ಟು ತಾಳ್ಮೆ ಸಾಕು.

ಇಂಥ ಕೆಲಸಕ್ಕೆ ಪ್ರಿನ್ಸ್‌ಟನ್ ಬೇಕಿಲ್ಲ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾಲಯವಿದೆ, ಊರಿನಲ್ಲಿ ವಿಜ್ಞಾನ ಪದವಿ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಈ ಹುಳುವನ್ನು ಸಾಕುವುದು ಇಲಿ, ಮೊಲ ಸಾಕುವಷ್ಟು ತ್ರಾಸದ್ದಲ್ಲ. ಅಗರ್ ತಟ್ಟೆ, ಇ. ಕೊಲಿ, ಒಂದು ಸಾಧಾರಣ ಸ್ಟೀರಿಯೋ ಸೂಕ್ಷ್ಮದರ್ಶಕ. ಬೇಡವಾದಾಗ ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿಟ್ಟು, ವರ್ಷಗಳ ನಂತರ ಎಬ್ಬಿಸಬಹುದು. ತೊಂದರೆ ಒಂದೇ, ನಮ್ಮ ಬಿಸಿಲು: 25 ಡಿಗ್ರಿ ದಾಟಿದರೆ ಸಿ. ಎಲೆಗನ್ಸ್‌ನ ಸಂತಾನಶಕ್ತಿ ಕುಗ್ಗತೊಡಗುತ್ತದೆ. ಹಾಗಾಗಿ 20 ಡಿಗ್ರಿಯಲ್ಲಿಡುವ ಇನ್‌ಕ್ಯುಬೇಟರ್ ಬೇಕು, ದಾವಣಗೆರೆಯ ಬೇಸಿಗೆಯಲ್ಲಿ ಅದಕ್ಕೆ ಕರೆಂಟೂ ತಪ್ಪದೆ ಇರಬೇಕು. ಇಲ್ಲವಾದರೆ ಅದರ ದಾಯಾದಿ ಸಿ. ಬ್ರಿಗ್ಸೇ ಇದೆ. ಜಗತ್ತಿನ ಪ್ರಯೋಗಾಲಯಗಳು ಮಾದರಿಯೆಂದು ಬಳಸುವ ಅದರ ಎಎಫ್16 ತಳಿ ಸಿಕ್ಕಿದ್ದೇ ಅಹಮದಾಬಾದಿನ ಮಣ್ಣಿನಲ್ಲಿ. ಸೆಕೆಯನ್ನೂ ತುಸು ಹೆಚ್ಚು ತಾಳುತ್ತದೆ.

ವಿದ್ಯಾರ್ಥಿಗಳ ಕೈಗೆ ಏರುಗಿನೋಸ ಕೊಡುವುದು ಬೇಡ. ಅದು ಆಸ್ಪತ್ರೆಯ ಸೋಂಕು, ಅದಕ್ಕೆ ತಕ್ಕ ಸುರಕ್ಷತೆಯ ಲ್ಯಾಬ್ ಬೇಕು. ಅಂಗಡಿಯ ಪೊಟ್ಟಣದ ಫ್ಲೋರೆಸೆನ್ಸ್ ಒಂದು ಕಡೆ, ಕತ್ತಲಗೆರೆಯ ಅಡಿಕೆ ತೋಟದ ಮಣ್ಣಿನಿಂದ ಬೇರ್ಪಡಿಸಿ, ರೋಗಕಾರಕವಲ್ಲವೆಂದು ಖಾತ್ರಿ ಮಾಡಿಕೊಂಡ ಸೂಡೋಮೊನಾಸ್ ಇನ್ನೊಂದು ಕಡೆ ಇಟ್ಟುಕೊಂಡರೆ ಎರಡನೆಯ ವರ್ಷದ ಎಂ.ಎಸ್ಸಿ. ಪ್ರಾಜೆಕ್ಟಿಗೆ ಧಾರಾಳವಾಯಿತು. ತಾಯಿಯಿಂದ ಐದನೆಯ ತಲೆಮಾರಿನವರೆಗೆ ಎಣಿಸಲು ಮೂರು ವಾರ ಸಾಕು. ಅಜೈಡ್ ಇಟ್ಟು ಒಮ್ಮೆ, ಇಡದೆ ಒಮ್ಮೆ, ಎರಡೂ ಬಗೆಯಲ್ಲಿ ಮಾಡಬೇಕು. ಯಾವ ತಟ್ಟೆ ಯಾವ ತಲೆಮಾರಿನದೆಂದು ಎಣಿಸುವವರಿಗೆ ಗೊತ್ತಾಗದಂತೆ ಅಂಕೆ ಹಾಕಿಡುವ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕು, ಮತ್ತು ಮೊಮ್ಮಕ್ಕಳಲ್ಲಿ ಏನೂ ಕಾಣದಿದ್ದರೆ ಆ ಅಂಕಿಗಳನ್ನೂ ಪ್ರಬಂಧದಲ್ಲಿ ಸೇರಿಸಲು ಮಾರ್ಗದರ್ಶಕರು ಒಪ್ಪಿರಬೇಕು.